ಎಳೆಚಂದ್ರನಿಗೆ ಸಾಕ್ಷಿ ಯಾರು?

೨೦೨೪ನೆಯ ಇಸವಿಯ ಏಪ್ರಿಲ್ ೯, ಮಂಗಳವಾರ, ಕ್ರೋಧಿ ಸಂವತ್ಸರದ ಯುಗಾದಿ. ಆ ಸಂಜೆ ಕನ್ನಡ ನಾಡಿನ ಪಡುವಣ ದಿಗಂತವನ್ನು ಎರಡು ಬಗೆಯ ಜನ ದಿಟ್ಟಿಸಿ ನೋಡಿದರು. ಬೇವುಬೆಲ್ಲ ಹಂಚಿಕೊಂಡು ಉಂಡವರು, ಹೊಸ ವರ್ಷದ ಚಂದ್ರನನ್ನು ಅಂದೋ ಮರುದಿನವೋ ಕಂಡು ಹಿರಿಯರಿಗೆ ನಮಸ್ಕರಿಸುವ ಸಂಪ್ರದಾಯದವರು. ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸವನ್ನು ಆಗತಾನೆ ಮುಗಿಸಿದವರು, ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ ಎಂದು ಕಾದು ನಿಂತವರು. ಕೇರಳದ ಕರಾವಳಿಯಲ್ಲಿ ಚಂದ್ರ ಕಂಡನೆಂಬ ಸುದ್ದಿ ಹಬ್ಬಿತು. ಅದನ್ನು ಅನುಸರಿಸಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬುಧವಾರವೇ ಈದ್ ನಮಾಜು ನಡೆಯಿತು. ಘಟ್ಟದ ಮೇಲಣ ಬೆಂಗಳೂರು ಮೊದಲಾದ ಕಡೆಗಳಲ್ಲಿಯೂ ದೇಶದ ಬಹುಭಾಗದಲ್ಲಿಯೂ ಕಂಡವರ ಸಾಕ್ಷಿ ದೊರೆಯದೆ ಮೂವತ್ತು ಉಪವಾಸ ತುಂಬಿಸಿ ಗುರುವಾರ ಹಬ್ಬ ಮಾಡಿದರು. ಸರ್ಕಾರದ ರಜೆಯ ಪಟ್ಟಿಯಲ್ಲಿ ಗುರುವಾರವೇ ಅಚ್ಚಾಗಿತ್ತು.

ಇಂಥ ಸಂದರ್ಭ ಒದಗಿದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಮನುಷ್ಯ ಚಂದ್ರನ ನೆಲವನ್ನು ಮೆಟ್ಟಿ ಬಂದು ಅರ್ಧ ಶತಮಾನ ಕಳೆಯಿತು; ಇನ್ನೂ ಮಾಳಿಗೆ ಹತ್ತಿ ಅವನು ಹುಟ್ಟಿದನೋ ಇಲ್ಲವೋ ಎಂದು ನೋಡುವುದು ಹಾಸ್ಯಾಸ್ಪದವಲ್ಲವೆ ಎಂಬುದು ಒಂದು. ಕಣ್ಣಿನಿಂದ ಕಾಣಬೇಕೆಂಬುದು ವಿಧಿ. ಗಣಿತದ ಗೊಡವೆ ನಮಗೆ ಬೇಡ ಎಂಬುದು ಇನ್ನೊಂದು. ಎರಡೂ ಸಮಸ್ಯೆಯ ಹೊಸ್ತಿಲ ಹೊರಗೇ ನಿಂತಿವೆಯೆಂದು ನನಗೆ ತೋರುತ್ತದೆ. ತಿಂಗಳು ಹುಟ್ಟಿತೆಂದು ಸಾರುವ ಅಧಿಕಾರ ಯಾರದು, ಆ ಸಾರಿಕೆ ಎಷ್ಟು ದೂರದವರೆಗೆ ಸಲ್ಲತಕ್ಕದ್ದು ಎಂಬುದು ಇಲ್ಲಿಯ ಮೂಲ ಪ್ರಶ್ನೆ. ಅದಕ್ಕೆ ಇಂದು ದೇಶದೇಶಗಳಲ್ಲಿ ಬೇರೆ ಬೇರೆ ಉತ್ತರಗಳು ಬರುತ್ತಿವೆ. ಅವುಗಳ ಬೆಲೆಯನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕದ ಮಾತು. ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಗೆ ಸರಾಸರಿ ೨೯ ದಿನ, ೧೨ ಗಂಟೆ, ೪೪ ನಿಮಿಷ. ತಿಂಗಳಿಗೆ ಅರ್ಧ ದಿನವೆಂಬುದು ಇರಲಾಗದು. ಆದುದರಿಂದ ಹಿಜರಿ ತಿಂಗಳು ೨೯ ದಿನದ್ದಾಗಿರಬೇಕು, ಇಲ್ಲವೆ ೩೦ ದಿನದ್ದು. ಯಾವ ತಿಂಗಳಿಗೆ ಎಷ್ಟು ಎಂಬುದು ಮುಂಚಿತವಾಗಿ ಗೊತ್ತಿರುವುದಿಲ್ಲ. ಹನ್ನೆರಡು ತಿಂಗಳು ಕೂಡಿದರೆ ೩೫೪ ದಿನಗಳ ಮೇಲೆ ಒಂಬತ್ತು ಗಂಟೆಯಷ್ಟಾಗುತ್ತದೆ. ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಈ ಪಂಚಾಂಗದಲ್ಲಿ ತಾರೀಖೆಂದರೆ ಆಕಾಶದ ಚಿತ್ರವೇ. ಏಳನೆಯ ತಾರೀಖೆಂದರೆ ಅರ್ಧಚಂದ್ರ. ಹದಿನಾಲ್ಕು ಹದಿನೈದೆಂದರೆ ಹುಣ್ಣಿಮೆ. ಶಾಬಾನ್ ತಿಂಗಳ ಹದಿನೈದನೆಯ ರಾತ್ರಿಯಾದ ಶಬೆ ಬರಾತ್ ಬೆಳದಿಂಗಳಲ್ಲಿಯೇ ಬರುತ್ತದೆ. ಪ್ರತಿ ತಿಂಗಳ ಹದಿಮೂರು, ಹದಿನಾಲ್ಕು, ಹದಿನೈದನೆಯ ದಿನಗಳಿಗೆ ಬಿಳಿಯ ದಿನಗಳೆಂದೇ ಹೆಸರು. ಅಂದು ಉಪವಾಸವಿರುವುದು ಪುಣ್ಯಕರವೆಂದು ನಂಬಿಕೆ. ರಂಜಾನಿನ ಕಡೆಯ ಹತ್ತು ರಾತ್ರಿಗಳಲ್ಲಿ ಲೈಲತುಲ್ ಕದ್ರ್ ಎಂಬ ಮಹಾರಾತ್ರಿಯನ್ನು ಅರಸುವವರಿಗೆ ಇರುಳೊಂದೇ ಸಂಗಾತಿ. ಚಂದ್ರ ಅಷ್ಟರಲ್ಲಿ ಸವೆದು ಬೆಳಗಿನ ಜಾವಕ್ಕೆ ಜಾರಿರುತ್ತಾನೆ. ದಿನ ತೊಡಗುವುದು ಸೂರ್ಯಾಸ್ತಕ್ಕೆ. ನಮ್ಮ ಶನಿವಾರದ ರಾತ್ರಿ ಅವರ ಲೆಕ್ಕಕ್ಕೆ ಭಾನುವಾರ.

ನಮ್ಮ ಚಾಂದ್ರಮಾನ ಪಂಚಾಂಗವೂ ಇದೇ ಚಂದ್ರನನ್ನು ನಂಬಿದ್ದು. ಆದರೆ ನಾವು ಆ ಹನ್ನೊಂದು ದಿನದ ಕೊರತೆಯನ್ನು ಕೂಡಿಟ್ಟು, ಎರಡು ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಸೇರಿಸಿ ಸೂರ್ಯನಿಗೆ ಸಲ್ಲಿಸುತ್ತೇವೆ. ಇಸ್ಲಾಮಿಗೆ ಮೊದಲು ಅರಬರಲ್ಲಿಯೂ ತಿಂಗಳನ್ನು ಹಿಂದು ಮುಂದು ಮಾಡುವ ಪದ್ಧತಿಯಿತ್ತು. ಯುದ್ಧ ನಿಷಿದ್ಧವಾದ ಪವಿತ್ರ ಮಾಸಗಳು ಅದರಿಂದ ಬಲಿಷ್ಠರ ಅನುಕೂಲಕ್ಕೆ ತಕ್ಕಂತೆ ಸರಿಯುತ್ತಿದ್ದವು. ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಅದನ್ನು ನಿಷೇಧಿಸಿತು. ಹನ್ನೆರಡೇ ತಿಂಗಳು, ಹೆಚ್ಚಿಲ್ಲ. ಮುಂದೆ ಖಲೀಫ ಉಮರರ ಕಾಲದಲ್ಲಿ, ಕ್ರಿ.ಶ. ೬೩೮ರ ಸುಮಾರಿಗೆ, ಪೈಗಂಬರರು ಮಕ್ಕಾದಿಂದ ಮದೀನಕ್ಕೆ ಹೋದ ೬೨೨ನೆಯ ವರ್ಷವನ್ನು ಶಕಾರಂಭವೆಂದು ನಿಶ್ಚಯಿಸಲಾಯಿತು. ಹೀಗೆ ಋತುಗಳ ಹಂಗು ಹರಿದುಕೊಂಡ ತಿಂಗಳುಗಳು ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಅರಬ್ಬೀ ಬೇಸಗೆಯ ಉಪವಾಸದ ಬವಣೆಯೂ ಚಳಿಗಾಲದ ಉಪವಾಸದ ಸುಖವೂ ಯಾರೊಬ್ಬರ ಪಾಲಿಗೇ ಉಳಿಯದಂತೆ ಹಂಚಿಹೋಗುತ್ತವೆ. ೨೦೩೦ನೆಯ ಇಸವಿಯಲ್ಲಿ ರಂಜಾನ್ ಎರಡು ಸಲ ಮೊದಲಾಗುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ.

ಎರಡು ಪಂಚಾಂಗಗಳು ಕೈಹಿಡಿದು ನಡೆದು ಮತ್ತೆ ಕೈಬಿಡುವ ಬಗೆಯನ್ನು ಈಚಿನ ವರ್ಷಗಳಲ್ಲಿಯೇ ನೋಡಬಹುದು. ೨೦೨೩ರಲ್ಲಿ ಯುಗಾದಿಯ ಎಳೆಚಂದ್ರನೇ ರಂಜಾನ್ ತಿಂಗಳನ್ನು ತೆರೆದ ಚಂದ್ರ. ಅದೇ ವರ್ಷ ನಮಗೆ ಅಧಿಕ ಶ್ರಾವಣ ಬಂತು, ಅವರಿಗೆ ಬರಲಿಲ್ಲ. ಆದುದರಿಂದ ೨೦೨೪ರ ಯುಗಾದಿಯ ಚಂದ್ರ ರಂಜಾನನ್ನು ಮುಗಿಸಿ ಶವ್ವಾಲನ್ನು ತೆರೆಯುವವನಾದ; ೨೦೨೫, ೨೦೨೬ರಲ್ಲಿಯೂ ಹಾಗೆಯೇ. ೨೦೨೬ರ ಅಧಿಕ ಜ್ಯೇಷ್ಠದಿಂದಾಗಿ ೨೦೨೭ರ ಯುಗಾದಿ ಈದ್ ಕಳೆದು ಒಂದು ತಿಂಗಳಾದ ಮೇಲೆ ಬರುತ್ತದೆ. ಶಾಲೆಯಲ್ಲಿ ಅಧಿಕಮಾಸವೆಂದರೇನೆಂದು ಹೇಳಿಕೊಡುವ ಉಪಾಧ್ಯಾಯರಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕಲಾರದು.

ಋತುವಿನ ಹಂಗಿಲ್ಲದ ವರ್ಷ ಭಕ್ತನಿಗೆ ಒಪ್ಪಿಗೆಯಾದರೂ ಕಂದಾಯ ವಸೂಲಿಗೆ ಒಗ್ಗುವುದಿಲ್ಲ. ಬೆಳೆ ಕಟಾವಾಗುವುದು ಸೂರ್ಯನ ಲೆಕ್ಕದಲ್ಲಿ. ಮುಸ್ಲಿಂ ಅರಸರೆಲ್ಲ ಈ ಕಷ್ಟವನ್ನು ಕಂಡವರೇ. ಮೊಗಲರ ಕಾಲದಲ್ಲಿ ಬಳಕೆಗೆ ಬಂದ ಫಸಲಿ ವರ್ಷ ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು. ನಮ್ಮ ರೈತ ಇಂದಿಗೂ ಬೆಳೆಗೆ ಫಸಲು ಎನ್ನುವಾಗ ಆ ಶಬ್ದದ ನಂಟನ್ನೇ ಉಳಿಸಿಕೊಂಡಿದ್ದಾನೆ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೌಲೂದಿ ಎಂಬ ಹೊಸ ಶಕೆಯನ್ನೇ ನಡೆಸಿದ. ತಿಂಗಳುಗಳಿಗೆ ಹೊಸ ಹೆಸರಿಟ್ಟು, ಅಧಿಕಮಾಸವನ್ನು ಒಳಗೊಂಡು, ನಮ್ಮ ಅರವತ್ತು ಸಂವತ್ಸರಗಳ ಚಕ್ರಕ್ಕೆ ಹೊಂದುವಂತೆ ಅದನ್ನು ರಚಿಸಿದ್ದ. ಅವನ ನಾಣ್ಯಗಳ ಮೇಲೆ ಆ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆದಿರುವುದು ಸಂಗ್ರಾಹಕರಿಗೆಲ್ಲ ಗೊತ್ತು. ೧೭೯೯ರಲ್ಲಿ ಅವನೊಡನೆ ಆ ಪಂಚಾಂಗವೂ ಮುಗಿಯಿತು. ಅಪ್ಪಣೆಯಿಂದ ಹುಟ್ಟಿದ ಪಂಚಾಂಗ ಅಪ್ಪಣೆ ಮಾಡುವವನಿರುವಷ್ಟು ದಿನ ಬಾಳಿತು. ಇತ್ತ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಕುಣಿಯುವ, ರಿವಾಯತ್ ಪದಗಳನ್ನು ಹಾಡುವ ಎಲ್ಲ ಜಾತಿಯ ಜನರು, ಆ ಹಬ್ಬ ಒಮ್ಮೆ ಬಿತ್ತನೆಯ ಹೊತ್ತಿಗೂ ಮತ್ತೊಮ್ಮೆ ಸುಗ್ಗಿಯ ಹೊತ್ತಿಗೂ ಬರುವುದನ್ನು ತಲೆಮಾರುಗಳಿಂದ ಒಪ್ಪಿ ನಡೆದಿದ್ದಾರೆ.

ಇನ್ನು ಚಂದ್ರದರ್ಶನ. ಎಳೆಚಂದ್ರರು ಜನರಿಗೆ ಕಾಲದ ಗುರುತು, ಹಜ್ ಯಾತ್ರೆಗೆ ಗುರುತು ಎಂಬ ಅಭಿಪ್ರಾಯ ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿದೆ. ಪೈಗಂಬರರ ವಚನಗಳಲ್ಲಿ ಚಂದ್ರನನ್ನು ಕಂಡು ಉಪವಾಸ ಹಿಡಿಯಬೇಕು, ಕಂಡು ಬಿಡಬೇಕು, ಮೋಡ ಕವಿದರೆ ಮೂವತ್ತು ತುಂಬಿಸಬೇಕು ಎಂಬ ನಿಯಮ ಬಂದಿದೆ. ಮರುಭೂಮಿಯ ಒಬ್ಬ ಅಲೆಮಾರಿ ಬಂದು ತಾನು ಚಂದ್ರನನ್ನು ಕಂಡೆನೆಂದಾಗ, ಅವನ ವಿಶ್ವಾಸವನ್ನಷ್ಟೇ ವಿಚಾರಿಸಿ ಅವನ ಮಾತಿನ ಮೇಲೆ ಮರುದಿನದ ಉಪವಾಸವನ್ನು ಸಾರಿಸಿದರೆಂದು ಒಂದು ವರದಿಯುಂಟು. ಈ ನಿಯಮದ ಸೊಬಗಿರುವುದು ಇಲ್ಲಿಯೇ ಎಂದು ನನ್ನ ಭಾವನೆ. ಒಂಟೆ ಕಾಯುವವನ ಕಣ್ಣು ಸಾಕು. ಅವನ ನುಡಿಗೆ ರಾಜಧಾನಿಯೂ ತಲೆಬಾಗಬೇಕು. ಶಕ ಪಂಚಾಂಗಗಳನ್ನು ಪುರೋಹಿತರೂ ಅರಸರೂ ಕೈಯಲ್ಲಿಟ್ಟುಕೊಂಡಿದ್ದ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ.

ಎಲ್ಲಿಯ ಕಣ್ಣು ಎಲ್ಲಿಗೆ ಸಾಕು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಕುರೈಬ್ ಎಂಬಾತ ಸಿರಿಯಾಕ್ಕೆ ಹೋಗಿದ್ದಾಗ ಅಲ್ಲಿ ಶುಕ್ರವಾರದ ರಾತ್ರಿ ರಂಜಾನ್ ಚಂದ್ರ ಕಂಡಿತು; ದೊರೆ ಮುಆವಿಯನೂ ಅದರಂತೆ ಉಪವಾಸ ಹಿಡಿದ. ತಿಂಗಳ ಕೊನೆಗೆ ಮದೀನಕ್ಕೆ ಮರಳಿ ಈ ವಿಷಯ ಹೇಳಿದಾಗ, ಇಬ್ನ್ ಅಬ್ಬಾಸರು ತಮ್ಮಲ್ಲಿ ಕಂಡದ್ದು ಶನಿವಾರ ರಾತ್ರಿ, ತಾವು ತಮ್ಮ ಲೆಕ್ಕದಂತೆಯೇ ನಡೆಯುವುದೆಂದರು. ದಮಾಸ್ಕಸಿನ ಅಧಿಕಾರ ಮದೀನದ ಆಕಾಶಕ್ಕೆ ಸಲ್ಲಲಿಲ್ಲ. ಶಾಫಿ ಪಂಥದವರು ಇದನ್ನು ಆಧಾರವಾಗಿಟ್ಟುಕೊಂಡು ಆಯಾ ದಿಗಂತಕ್ಕೆ ಆಯಾ ದರ್ಶನವೆಂದರು. ಹನಫಿ ಪಂಥದ ಹಳೆಯ ಗ್ರಂಥಕಾರರಲ್ಲಿ ಅನೇಕರು ಒಂದು ಕಡೆ ಕಂಡದ್ದು ಎಲ್ಲರಿಗೂ ಸಲ್ಲುತ್ತದೆಂದರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಮಲಬಾರಿನವರಂತೆ ಶಾಫಿಗಳು; ಘಟ್ಟದ ಮೇಲಿನ ದಖನಿ ಉರ್ದು ಮಾತನಾಡುವವರಲ್ಲಿ ಹೆಚ್ಚಿನವರು ಹನಫಿಗಳು. ೨೦೨೪ರ ಎರಡು ಹಬ್ಬಗಳ ಹಿಂದೆ ಮೋಡ ಮಂಜುಗಳಷ್ಟೇ ಅಲ್ಲ, ಸಮುದ್ರದ ದಾರಿಯಲ್ಲಿ ಬಂದ ಸಂಪ್ರದಾಯವೊಂದು, ನೆಲದ ದಾರಿಯಲ್ಲಿ ಬಂದ ಸಂಪ್ರದಾಯವೊಂದು ಇದ್ದುವೆಂಬುದನ್ನು ಮರೆಯಬಾರದು.

ಲೆಕ್ಕ ಬಾರದ್ದರಿಂದ ಕಣ್ಣಿಗೆ ಶರಣಾದರೆಂದು ಭಾವಿಸುವುದು ಚರಿತ್ರೆಗೆ ಅನ್ಯಾಯ. ಒಂಬತ್ತನೆಯ ಶತಮಾನದಲ್ಲಿಯೇ ಬಾಗ್ದಾದಿನ ಅಲ್-ಖ್ವಾರಿಜ್ಮಿ ಎಳೆಚಂದ್ರನ ಗೋಚರತೆಗೆ ಕೋಷ್ಟಕ ಮಾಡಿದ. ಅಲ್-ಬತ್ತಾನಿ ಅದನ್ನು ಸೂಕ್ಷ್ಮಗೊಳಿಸಿದ. ನಮ್ಮ ತಿಥಿ, ಅಧಿಕಮಾಸಗಳನ್ನು ಹೊರಗಿನವರಿಗೆ ಮೊದಲು ವಿವರವಾಗಿ ತಿಳಿಸಿದ ಅಲ್-ಬಿರೂನಿ ಲೋಕದ ಶಕಗಳನ್ನೆಲ್ಲ ಕ್ರಿ.ಶ. ೧೦೦೦ದ ಸುಮಾರಿಗೆ ಒಂದು ಗ್ರಂಥದಲ್ಲಿ ಹೋಲಿಸಿ ನೋಡಿದ. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸಿನ ಉಮಯ್ಯದ್ ಮಸೀದಿಯ ಕಾಲಜ್ಞನಾಗಿದ್ದ ಇಬ್ನ್ ಅಲ್-ಶಾತಿರ್ ರೂಪಿಸಿದ ಚಂದ್ರಗತಿಯ ಮಾದರಿಯೇ ಮುಂದೆ ಕೋಪರ್ನಿಕಸನ ಗ್ರಂಥದಲ್ಲಿಯೂ ಕಾಣುತ್ತದೆ. ಮಸೀದಿಯೇ ಇಂಥ ಪಂಡಿತನಿಗೆ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಆದರೂ ತಿಂಗಳ ಬಾಗಿಲು ತೆರೆಯುವ ಕೆಲಸವನ್ನು ಅವನಿಗೆ ಒಪ್ಪಿಸಲಿಲ್ಲ. ಈಜಿಪ್ಟಿನ ಫಾತಿಮೀ ಅರಸರು ಮಾತ್ರ ಒಪ್ಪಿಸಿದರು. ಮೂವತ್ತು ವರ್ಷಗಳ ಚಕ್ರ, ಅದರಲ್ಲಿ ಹನ್ನೊಂದು ವರ್ಷಕ್ಕೆ ಒಂದೊಂದು ದಿನ ಹೆಚ್ಚು, ಒಟ್ಟು ೧೦,೬೩೧ ದಿನ. ಎರಡು ಸಾವಿರ ವರ್ಷ ಕಳೆದರೂ ಒಂದು ದಿನದಷ್ಟು ತಪ್ಪದ ಲೆಕ್ಕವದು. ದಾವೂದಿ ಬೊಹ್ರಾಗಳು ಇಂದಿಗೂ ಅದನ್ನೇ ನಡೆಸುವುದರಿಂದ ಅವರ ಹಬ್ಬ ಬೇರೆಯವರದಕ್ಕಿಂತ ಒಂದೆರಡು ದಿನ ಮೊದಲು ಬರುತ್ತದೆ.

ಪಂಡಿತರ ಈ ಸಂಯಮಕ್ಕೆ ಶಾಸ್ತ್ರೀಯವಾದ ಕಾರಣವೂ ಇದೆ. ಅಮಾವಾಸ್ಯೆಯ ಕ್ಷಣವನ್ನು ಸೆಕೆಂಡಿನವರೆಗೆ ಹೇಳಬಹುದು; ಚಂದ್ರ ಕಾಣುವ ಕ್ಷಣವನ್ನು ಹಾಗೆ ಹೇಳಲಾಗುವುದಿಲ್ಲ. ಸೂರ್ಯನಿಂದ ಚಂದ್ರ ಸರಿದ ಕೋನ, ದಿಗಂತದಿಂದ ಅವನ ಎತ್ತರ, ಗಾಳಿಯ ತೇವ, ಧೂಳು, ನೋಡುವವನ ವಯಸ್ಸು ಎಲ್ಲವೂ ಅಲ್ಲಿ ಸೇರುತ್ತವೆ. ಫ್ರೆಂಚ್ ಖಗೋಳಜ್ಞ ಆಂದ್ರೆ ಡಾಂಜೋನ್ ೧೯೩೦ರ ದಶಕದಲ್ಲಿ, ಸೂರ್ಯನಿಂದ ಏಳು ಡಿಗ್ರಿಗಿಂತ ಕಡಿಮೆ ದೂರದಲ್ಲಿ ಬಾಲಚಂದ್ರನ ಗೆರೆ ಕಣ್ಣಿಗೆ ಗೋಚರಿಸದೆಂದು ತೋರಿಸಿದ. ನಮ್ಮ ಒಂದು ತಿಥಿಯೆಂದರೆ ಹನ್ನೆರಡು ಡಿಗ್ರಿ. ಎಂದರೆ ಪಾಡ್ಯ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆಯೇ ಕಾಣುವ ಆಸೆ. ಬರಿಗಣ್ಣಿಗೆ ಕಂಡ ಅತಿ ಎಳೆಯ ಚಂದ್ರನಿಗೆ ಸುಮಾರು ಹದಿನೈದೂವರೆ ಗಂಟೆ ವಯಸ್ಸೆಂದು ದಾಖಲೆ.

ಈ ಅಳತೆಗೋಲನ್ನು ೨೦೨೪ಕ್ಕೆ ಹಿಡಿದು ನೋಡೋಣ. ಏಪ್ರಿಲ್ ೮ರಂದು ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅಮಾವಾಸ್ಯೆ ಮುಗಿದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ೧೧ ಗಂಟೆ ೫೧ ನಿಮಿಷಕ್ಕೆ. ಮರುದಿನ ಸೂರ್ಯಾಸ್ತದ ಹೊತ್ತಿಗೆ ಚಂದ್ರನಿಗೆ ಹತ್ತೊಂಬತ್ತು ಗಂಟೆಗೆ ತುಸು ಕಡಿಮೆ ವಯಸ್ಸು. ಸೂರ್ಯನಿಂದ ಸುಮಾರು ಹನ್ನೊಂದು ಡಿಗ್ರಿ ಸರಿದಿದ್ದ. ಕರಾವಳಿಗೂ ಬೆಂಗಳೂರಿಗೂ ಈ ಲೆಕ್ಕದಲ್ಲಿ ಹೇಳುವಂಥ ಅಂತರವಿಲ್ಲ. ಕಂಡೆವೆಂದವರು ಅಸಂಭವವಾದದ್ದನ್ನು ಹೇಳಲಿಲ್ಲ. ಸಾಕ್ಷಿ ಸಿಗಲಿಲ್ಲವೆಂದವರೂ ಸುಳ್ಳಾಡಲಿಲ್ಲ. ಅಳತೆಯ ಅಂಚಿನಲ್ಲಿರುವ ಚಂದ್ರ ಒಂದೂರಿಗೆ ಕಂಡು ಮತ್ತೊಂದೂರಿಗೆ ಕಾಣದಿರುವುದು ಆಕಾಶಕ್ಕೆ ಸಹಜ.

ಎಲ್ಲ ಸಂಗತಿಗಳೂ ಇಷ್ಟು ನಿರ್ಮಲವಾಗಿಲ್ಲ. ೨೦೨೩ರ ಏಪ್ರಿಲ್ ೨೦ರಂದು ಇನ್ನೊಂದು ಸೂರ್ಯಗ್ರಹಣ. ಅಂದು ಸಂಜೆ ಮಕ್ಕಾದಲ್ಲಿ ಸೂರ್ಯ ಮುಳುಗುವಾಗ ಚಂದ್ರನ ವಯಸ್ಸು ಹನ್ನೊಂದೂವರೆ ಗಂಟೆ. ಡಾಂಜೋನ್ ಹೇಳಿದ ಮಿತಿಯನ್ನು ಅವನು ದಾಟಿರಲಿಲ್ಲ. ಹೀಗಿದ್ದರೂ ಸೌದಿ ಅರೇಬಿಯಾದ ಸರ್ವೋಚ್ಚ ನ್ಯಾಯಾಲಯ ಕಂಡವರ ಸಾಕ್ಷಿಯನ್ನು ಅಂಗೀಕರಿಸಿ ಮರುದಿನವೇ ಈದೆಂದು ಸಾರಿತು. ಆ ದೇಶದಲ್ಲಿ ವ್ಯವಹಾರಕ್ಕೆ ಉಮ್ ಅಲ್-ಖುರಾ ಎಂಬ ಗಣಿತದ ಪಂಚಾಂಗವಿದೆ. ಇಪ್ಪತ್ತೊಂಬತ್ತನೆಯ ದಿನ ಸೂರ್ಯಾಸ್ತಕ್ಕೆ ಮೊದಲು ಅಮಾವಾಸ್ಯೆ ಮುಗಿದು, ಮಕ್ಕಾದಲ್ಲಿ ಸೂರ್ಯನಾದ ಮೇಲೆ ಚಂದ್ರ ಮುಳುಗಿದರೆ ಸಾಕು, ಮಾರನೆಯ ದಿನ ಹೊಸ ತಿಂಗಳು, ಕಾಣಬೇಕೆಂಬ ಕಟ್ಟಿಲ್ಲ. ಉಪವಾಸ, ಈದ್, ಹಜ್ಜುಗಳಿಗೆ ಮಾತ್ರ ಸಾಕ್ಷಿ ಬೇಕೆಂಬ ವಿಧಿ. ಎಳೆಗೆರೆಯನ್ನು ನಿರೀಕ್ಷಿಸಿ ನೋಡುವವನ ಕಣ್ಣಿಗೆ ಗೆರೆ ಮೂಡುವುದು ಮನುಷ್ಯ ಸ್ವಭಾವ. ಅಚ್ಚಾದ ಪಂಚಾಂಗ ಇಂದೇ ಎಂದು ಹೇಳಿದ್ದಾಗ ಆ ನಿರೀಕ್ಷೆ ಇಮ್ಮಡಿಯಾಗುತ್ತದೆ. ಅದೇ ರಾಜ್ಯ ೨೦೧೬ರ ಅಕ್ಟೋಬರಿನಿಂದ ಸರ್ಕಾರಿ ನೌಕರರ ಸಂಬಳವನ್ನು ಗ್ರೆಗೋರಿಯನ್ ತಿಂಗಳ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ವರ್ಷಕ್ಕೆ ಹನ್ನೊಂದು ದಿನದ ಸಂಬಳ ಖಜಾನೆಗೆ ಉಳಿಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ದೇಶಗಳ ಮಾರ್ಗ ಬೇರೆ. ಇಂಡೊನೇಷ್ಯದಲ್ಲಿ ಮುಹಮ್ಮದಿಯಾ ಸಂಸ್ಥೆ ಗಣಿತವನ್ನೂ ನಹ್ದತುಲ್ ಉಲಮಾ ದರ್ಶನವನ್ನೂ ಹಿಡಿದಿವೆ. ೨೦೨೩ರ ಈದನ್ನು ಮುಹಮ್ಮದಿಯಾದವರು ಏಪ್ರಿಲ್ ೨೧ರಂದು ಆಚರಿಸಿದರೆ ಸರ್ಕಾರ ೨೨ರಂದು ಸಾರಿತು. ೨೦೨೫ರಲ್ಲಿ ಮುಹಮ್ಮದಿಯಾ ಇಡೀ ಜಗತ್ತಿಗೆ ಒಂದೇ ಆದ ಹಿಜರಿ ಪಂಚಾಂಗವನ್ನು ಸ್ವೀಕರಿಸಿತು. ಅಂಥ ಪಂಚಾಂಗದ ಪರವಾಗಿ ೨೦೧೬ರಲ್ಲಿ ಇಸ್ತಾಂಬುಲ್ ನಗರದಲ್ಲಿ ನಡೆದ ಸಮ್ಮೇಳನ ಬಹುಮತದ ತೀರ್ಮಾನ ಮಾಡಿತ್ತು. ಉತ್ತರ ಅಮೆರಿಕದ ಫಿಕ್ಹ್ ಮಂಡಲಿ ೨೦೦೬ರಲ್ಲಿಯೇ ಗಣಿತಕ್ಕೆ ಒಲಿಯಿತು. ಪಾಕಿಸ್ತಾನದ ಕಥೆ ಕಹಿಯಾದದ್ದು. ೧೯೬೭ರಲ್ಲಿ ಅಯೂಬ್ ಖಾನರ ಸರ್ಕಾರ ಸಾರಿದ ಈದನ್ನು ಒಪ್ಪದ ಮೌಲಾನಾ ಮೌದೂದಿ ಮೊದಲಾದವರು ಬಂಧನಕ್ಕೊಳಗಾದರು. ೧೯೭೪ರಲ್ಲಿ ಚಂದ್ರದರ್ಶನಕ್ಕೆ ಕೇಂದ್ರ ಸಮಿತಿಯೊಂದನ್ನು ಮಾಡಿದ ಮೇಲೂ ಪೇಶಾವರದ ಕಾಸಿಂ ಖಾನ್ ಮಸೀದಿಯವರು ಎಷ್ಟೋ ಸಲ ಒಂದು ದಿನ ಮುಂಚೆಯೇ ಹಬ್ಬ ಸಾರಿದರು. ೨೦೧೯ರಲ್ಲಿ ಅಲ್ಲಿಯ ವಿಜ್ಞಾನ ಸಚಿವರು ಐದು ವರ್ಷಗಳ ಚಂದ್ರ ಪಂಚಾಂಗವನ್ನು ಹೊರಡಿಸಿ ಜಗಳ ತೀರಿತೆಂದರು, ತೀರಲಿಲ್ಲ.

ಗಣಿತವಾದಿಗಳ ಅತ್ಯಂತ ಗಟ್ಟಿಯಾದ ವಾದ ಈಜಿಪ್ಟಿನ ವಿದ್ವಾಂಸ ಅಹ್ಮದ್ ಶಾಕಿರ್ ೧೯೩೯ರಲ್ಲಿ ಮಂಡಿಸಿದ್ದು. ಅಂದಿನ ಸಮುದಾಯಕ್ಕೆ ಬರಹ ಲೆಕ್ಕಗಳ ಬಳಕೆಯಿರಲಿಲ್ಲವಾಗಿ ಕಣ್ಣಿನ ನಿಯಮ ಬಂತು. ಕಾರಣ ಹೋದ ಮೇಲೆ ನಿಯಮವೂ ಬದಲಾಗಬೇಕು ಎಂದರು ಅವರು. ಇದಕ್ಕೆ ಇಂದಿನವರು ಮತ್ತೊಂದನ್ನು ಸೇರಿಸುತ್ತಾರೆ: ಐದು ಹೊತ್ತಿನ ನಮಾಜಿಗೆ ನೆರಳನ್ನು ಅಳೆಯುವುದನ್ನು ಬಿಟ್ಟು ಅಚ್ಚಾದ ವೇಳಾಪಟ್ಟಿಯನ್ನು ಒಪ್ಪಿದವರು ತಿಂಗಳಿಗೇಕೆ ಒಪ್ಪಬಾರದು? ಇದು ತಳ್ಳಿಹಾಕುವ ಮಾತಲ್ಲ. ಹಬ್ಬದ ರಜೆಯನ್ನು ಮುಂಚಿತವಾಗಿ ಬೇಡಬೇಕಾದ ಕಾರ್ಖಾನೆಯ ಕೆಲಸಗಾರ, ಪರೀಕ್ಷೆಯ ದಿನ ಹಬ್ಬವೋ ಅಲ್ಲವೋ ತಿಳಿಯದ ವಿದ್ಯಾರ್ಥಿ, ಕೊನೆಯ ರಾತ್ರಿಯವರೆಗೆ ಹೊಲಿಗೆ ಮುಗಿಸಲು ಹೆಣಗುವ ದರ್ಜಿ, ಇವರ ಪಾಲಿಗೆ ಅನಿಶ್ಚಯವೆಂಬುದು ಕಾವ್ಯವಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ದುಡಿಯುವ ಮಗ ಸೌದಿಯಲ್ಲಿ ಈದ್ ನಮಾಜು ಮುಗಿಸಿ ಫೋನು ಮಾಡಿದಾಗ ಇಲ್ಲಿ ತಾಯಿ ಇನ್ನೂ ಉಪವಾಸದಲ್ಲಿರುತ್ತಾಳೆ.

ಆದರೂ ಏಕ ಪಂಚಾಂಗದ ಒಳಗೆ ಏನಿದೆಯೆಂದು ನೋಡಬೇಕು. ಇಸ್ತಾಂಬುಲಿನ ಸೂತ್ರದಂತೆ ಭೂಮಿಯ ಯಾವುದಾದರೊಂದು ಮೂಲೆಯಲ್ಲಿ ಚಂದ್ರ ಗೋಚರವಾಗಬಲ್ಲನೆಂದು ಲೆಕ್ಕಕ್ಕೆ ಬಂದರೆ ಎಲ್ಲರಿಗೂ ತಿಂಗಳು ಹುಟ್ಟಿತು. ಎಳೆಚಂದ್ರ ಪಶ್ಚಿಮಕ್ಕೆ ಹೋದಷ್ಟೂ ಬಲಿಯುವವನಾದ್ದರಿಂದ ಆ ಮೂಲೆ ಅನೇಕ ಸಲ ಅಮೆರಿಕದ ತೀರವಾಗಿರುತ್ತದೆ. ಅಲ್ಲಿ ಸಂಜೆಯಾಗುವಾಗ ಕಲಬುರಗಿಯಲ್ಲಿ ಮರುದಿನದ ಬೆಳಗು. ಕಲಬುರಗಿಯವನು ತನ್ನ ಆಕಾಶದಲ್ಲಿ ಇಲ್ಲದ ಚಂದ್ರನಿಗಾಗಿ ಉಪವಾಸ ಹಿಡಿಯಬೇಕು. ಆಗ ಚಂದ್ರನಿಗೂ ತಾರೀಖಿಗೂ ಇದ್ದ ನಂಟು ಕಡಿದು, ಹಿಜರಿ ತಿಂಗಳು ಫೆಬ್ರವರಿ ಮಾರ್ಚುಗಳಂತೆ ಕಾಗದದ ತಿಂಗಳಾಗುತ್ತದೆ. ಯಂತ್ರಗಳು ಬೆಳೆದಂತೆ ನೋಡುವುದೆಂಬ ಮಾತಿಗೂ ಅರ್ಥ ಸಡಿಲವಾಗುತ್ತಿದೆ. ೨೦೧೩ರ ಜುಲೈ ೮ರಂದು, ಆ ವರ್ಷದ ರಂಜಾನಿನ ಮುನ್ನಾ ದಿನಗಳಲ್ಲಿ, ಫ್ರಾನ್ಸಿನ ತಿಯೆರಿ ಲಗೋ ಎಂಬ ಛಾಯಾಗ್ರಾಹಕ ಅಮಾವಾಸ್ಯೆಯ ಆ ಕ್ಷಣದಲ್ಲಿಯೇ, ಹಾಡುಹಗಲಿನಲ್ಲಿ, ಚಂದ್ರನ ಗೆರೆಯನ್ನು ಅವರಕ್ತ ಕಿರಣಗಳಲ್ಲಿ ಸೆರೆಹಿಡಿದ. ವಯಸ್ಸು ಸೊನ್ನೆಯಿರುವ ಚಂದ್ರನೂ ಯಂತ್ರಕ್ಕೆ ಕಾಣುವನಾದರೆ, ಯಂತ್ರದ ಕಣ್ಣನ್ನು ಒಪ್ಪಿದವನು ಗಣಿತವನ್ನೇ ಬೇರೆ ಹೆಸರಿನಿಂದ ಒಪ್ಪಿದಂತಾಯಿತು.

ಗಣಿತವು ಬಾಗಿಲು ಕಾಯಲಿ, ಕಣ್ಣು ಬಾಗಿಲು ತೆರೆಯಲಿ ಎಂಬುದು ನನ್ನ ಮತ. ಹದಿನಾಲ್ಕನೆಯ ಶತಮಾನದ ಶಾಫಿ ನ್ಯಾಯಪಂಡಿತ ತಖಿಯುದ್ದೀನ್ ಅಲ್-ಸುಬ್ಕಿ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ಚಂದ್ರ ಕಾಣುವುದು ಅಸಾಧ್ಯವೆಂದು ಲೆಕ್ಕ ಖಚಿತವಾಗಿ ತೋರಿಸಿದಾಗ, ಕಂಡೆನೆನ್ನುವವನ ಸಾಕ್ಷಿಯನ್ನು ಒಪ್ಪಬಾರದು. ಸಾಕ್ಷಿಯೆಂದ ಮೇಲೆ ಪಾಟೀಸವಾಲು ಇರಲೇಬೇಕಲ್ಲವೆ? ಖಾಜಿಯ ಮುಂದೆ ಬಂದವನು ಯಾವ ದಿಕ್ಕಿನಲ್ಲಿ ಕಂಡೆ, ಗೆರೆಯ ತುದಿಗಳು ಎತ್ತ ಬಾಗಿದ್ದುವು, ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಉತ್ತರ ಕೊಡಲಿ. ಖಗೋಳಜ್ಞ ಪಕ್ಕದಲ್ಲಿ ಕುಳಿತಿರಲಿ. ಹೀಗಾದರೆ ಅಸಂಭವವಾದ ಹಬ್ಬಗಳು ನಿಲ್ಲುತ್ತವೆ. ಸಂಭವವಿದ್ದ ಸಂಜೆ ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದೆ ಎರಡು ಹಬ್ಬವಾದರೆ ಅದನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ರಾಷ್ಟ್ರದ ಗಡಿಗೇ ಹಬ್ಬದ ಗಡಿಯನ್ನು ಹೊಂದಿಸಬೇಕೆಂಬ ಹಟ ಈ ಇಡೀ ಜಗಳದಲ್ಲಿ ಅತ್ಯಂತ ಹೊಸದಾದ, ಶಾಸ್ತ್ರಕ್ಕೂ ಖಗೋಳಕ್ಕೂ ಆಧಾರವಿಲ್ಲದ ಅಂಶ. ವಾಘಾ ಗಡಿಯ ಆಚೆ ಈಚೆ ಸೂರ್ಯ ಮುಳುಗುವುದು ಒಂದೇ ಗಳಿಗೆಯಲ್ಲಿ.

ಈ ವಿಷಯದಲ್ಲಿ ಇತರರನ್ನು ನೋಡಿ ನಗುವ ಹಕ್ಕು ನಮಗೂ ಅಷ್ಟಾಗಿ ಇಲ್ಲ. ಸ್ಮಾರ್ತರ ಏಕಾದಶಿಯೂ ಮಾಧ್ವರ ಏಕಾದಶಿಯೂ ಎಷ್ಟೋ ಸಲ ಬೇರೆ ದಿನ ಬೀಳುತ್ತವೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರಲ್ಲಿ ಉಪವಾಸ, ಒಂದರಲ್ಲಿ ಪಾರಣೆ. ಸ್ವತಂತ್ರ ಭಾರತದ ಸರ್ಕಾರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿ, ೧೯೫೫ರಲ್ಲಿ ಅದರ ವರದಿ ಪಡೆದು, ೧೯೫೭ರ ಮಾರ್ಚ್ ೨೨ರಿಂದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಿತು. ಗಣಿತದ ದೃಷ್ಟಿಯಿಂದ ಅದು ನಿರ್ದುಷ್ಟವಾದದ್ದು. ರಾಜಪತ್ರದ ತಲೆಯ ಮೇಲೆ ಆ ತಾರೀಖು ಇರುತ್ತದೆ. ಆದರೆ ಅದನ್ನು ನೋಡಿ ಮನೆಯಲ್ಲಿ ಹಬ್ಬ ಮಾಡಿದ ಒಬ್ಬರನ್ನೂ ನಾನು ಕಂಡಿಲ್ಲ.

ಕರ್ನಾಟಕ ಸರ್ಕಾರದ ರಜೆಯ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿಯಿರುವುದನ್ನು ಕೆಲವರಾದರೂ ಗಮನಿಸಿರಬಹುದು. ಮುಸ್ಲಿಮರ ಹಬ್ಬ ಪಟ್ಟಿಯಲ್ಲಿ ಹೇಳಿದ ದಿನ ಬಾರದಿದ್ದರೆ, ಆ ಸಮುದಾಯದ ನೌಕರರಿಗೆ ಪಟ್ಟಿಯ ದಿನದ ಬದಲು ಹಬ್ಬದ ದಿನ ರಜೆ ಕೊಡಬಹುದೆಂಬುದು ಅದರ ತಾತ್ಪರ್ಯ. ಖಾಸಗಿ ಕಾರ್ಖಾನೆಗಳೂ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳೂ ಈ ಒಂದು ವಾಕ್ಯವನ್ನು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡರೆ, ಕೆಲಸಗಾರನ ಮತ್ತು ವಿದ್ಯಾರ್ಥಿಯ ಮುಕ್ಕಾಲು ಪಾಲು ತೊಂದರೆ ಜಾಗತಿಕ ಪಂಚಾಂಗದ ನೆರವಿಲ್ಲದೆಯೇ ತೀರುತ್ತದೆ.

ಪೈಗಂಬರರ ಮಗು ಇಬ್ರಾಹಿಂ ತೀರಿಕೊಂಡ ದಿನ, ಕ್ರಿ.ಶ. ೬೩೨ರ ಜನವರಿ ೨೭ರಂದೆಂದು ಗಣಿತಜ್ಞರು ಗುರುತಿಸಿದ್ದಾರೆ, ಮದೀನದಲ್ಲಿ ಸೂರ್ಯಗ್ರಹಣವಾಯಿತು. ಜನ ಅದನ್ನು ಮಗುವಿನ ಸಾವಿಗೆ ಜೋಡಿಸಿ ಮಾತನಾಡಿದಾಗ, ಸೂರ್ಯಚಂದ್ರರಿಗೆ ಯಾರ ಹುಟ್ಟುಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು ಅವರು ತಿದ್ದಿದರೆಂದು ಹೇಳಿಕೆಯಿದೆ. ಅಮಾವಾಸ್ಯೆಯನ್ನು ಕಣ್ಣಾರೆ ಕಾಣುವುದು ಗ್ರಹಣದಲ್ಲಿ ಮಾತ್ರ ಸಾಧ್ಯ. ೨೦೨೭ರ ಆಗಸ್ಟ್ ೨ರ ಖಗ್ರಾಸ ಸೂರ್ಯಗ್ರಹಣದ ದಾರಿ ಮಕ್ಕಾ ನಗರದ ಮೇಲೆಯೇ ಹಾದುಹೋಗುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ ಐದು ನಿಮಿಷದಷ್ಟು ಕತ್ತಲೆ. ಸಫರ್ ತಿಂಗಳ ಕೊನೆಯ ದಿನಗಳವು. ಅಂದು ಸೂರ್ಯಾಸ್ತದ ವೇಳೆಗೆ ಹೊಸ ಚಂದ್ರನಿಗೆ ಸುಮಾರು ಆರು ಗಂಟೆ ವಯಸ್ಸಾಗಿರುತ್ತದೆ. ಆ ಸಂಜೆ ಪಶ್ಚಿಮಕ್ಕೆ ತಿರುಗಿ ಎಷ್ಟು ಹುಡುಕಿದರೂ ಬರಿಗಣ್ಣಿಗೆ ಅವನು ಕಾಣಿಸನು. ಕಾಣಬೇಕಾದರೆ ಮಾರನೆಯ ಸಂಜೆಯವರೆಗೆ ಕಾಯಬೇಕು.